ಗಟ್ಟಿ ಬೆಂಚಿನ ಮೇಲೆ ಕುಳಿತು ಕಂಡ ವಿಯೆಟ್ನಾಂ

ಕೇಳುಗರಿಗೆ ನಮಸ್ಕಾರ.

ವಿದೇಶ ಪ್ರವಾಸ ದುಡ್ಡಿದ್ದವರ ಮಾತು, ನಮಗೆ ಎಟುಕುವಂಥದ್ದಲ್ಲ ಎಂದು ಆಸೆಯನ್ನು ಮಡಚಿಟ್ಟವರು ನಮ್ಮಲ್ಲಿ ಬಹಳ. ಈಗಷ್ಟೇ ನೌಕರಿಗೆ ಸೇರಿದ ಹುಡುಗ ಹುಡುಗಿಯರು, ನಿವೃತ್ತರಾದರೂ ಕಾಲಿನಲ್ಲಿ ಕಸುವಿರುವ ಮೇಷ್ಟ್ರುಗಳು, ಇವರನ್ನೆಲ್ಲ ನೆನೆದು ಇಂದು ವಿಯೆಟ್ನಾಂ ಬಗ್ಗೆ ಮಾತನಾಡುತ್ತೇನೆ. ಬೆನ್ನಿಗೊಂದು ಚೀಲ ಏರಿಸಿ, ಲೆಕ್ಕ ಹಾಕಿ ಖರ್ಚು ಮಾಡುತ್ತಾ ಸುತ್ತುವವರಿಗೆ ಆ ದೇಶ ಹೇಳಿ ಮಾಡಿಸಿದಂತಿದೆ. ಕೈಯಲ್ಲಿ ಹಣ ಕಡಿಮೆ ಇದ್ದಷ್ಟೂ ಅಲ್ಲಿನ ಜನರ ಪಕ್ಕದಲ್ಲಿ ಕೂರುವ ಅವಕಾಶ ಹೆಚ್ಚು. ನಾನು ಆ ದೇಶವನ್ನು ಪ್ರೀತಿಸಲು ಕಲಿತದ್ದು ಹೀಗೆ ಪಕ್ಕದಲ್ಲಿ ಕುಳಿತೇ.

ಮೊದಲು ರೈಲಿನ ಮಾತು. ಉತ್ತರದ ಹನೋಯ್‌ನಿಂದ ದಕ್ಷಿಣದ ಹೊ ಚಿ ಮಿನ್ ನಗರದವರೆಗೆ 1,726 ಕಿಲೋಮೀಟರ್ ಉದ್ದದ ರೈಲುಮಾರ್ಗವಿದೆ. ಫ್ರೆಂಚರ ಆಳ್ವಿಕೆಯಲ್ಲಿ ಆರಂಭವಾದ ಕೆಲಸ 1936ರಲ್ಲಿ ಮುಗಿಯಿತು. 1954ರಲ್ಲಿ ದೇಶ ಎರಡಾದಾಗ ಹಳಿಯೂ ಎರಡಾಯಿತು. ಆಮೇಲೆ ಬಂದ ಯುದ್ಧದಲ್ಲಿ ಸೇತುವೆಗಳು ಬಾಂಬಿಗೆ ಉರುಳಿದವು. ಯುದ್ಧ ಮುಗಿದ ಮರುವರ್ಷ, 1976ರ ಡಿಸೆಂಬರ್ 31ರಂದು, ಮತ್ತೆ ಈ ತುದಿಯಿಂದ ಆ ತುದಿಗೆ ರೈಲು ಹೊರಟಿತು. ಅಷ್ಟು ಬೇಗ ಹಳಿ ಕೂಡಿಸಿದ ಜನರ ಛಲವನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಈ ಹಳಿ ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಅಂತರ. ಮೈಸೂರು–ಬೆಂಗಳೂರು ನಡುವೆ ಹಿಂದೆ ಮೀಟರ್ ಗೇಜ್ ಗಾಡಿಯಲ್ಲಿ ಓಡಾಡಿದ ಹಿರಿಯರಿಗೆ ಆ ಕಿರಿದಾದ ಬೋಗಿಯೂ ಅದರ ಓಲಾಟವೂ ಹತ್ತಿದ ಕೂಡಲೇ ಗುರುತು ಸಿಗುತ್ತವೆ.

ಮಲಗಲು ಬರ್ತ್‌ಗಳಲ್ಲಿ ಎರಡು ಬಗೆ: ಒಂದು ಕೋಣೆಗೆ ನಾಲ್ಕು ಹಾಸಿಗೆಯದು, ಆರು ಹಾಸಿಗೆಯದು. ಆರರದ್ದು ಅಗ್ಗ. ಅದರಲ್ಲೂ ಎಲ್ಲಕ್ಕಿಂತ ಮೇಲಿನ ಹಾಸಿಗೆ ಇನ್ನೂ ಅಗ್ಗ, ಏಕೆಂದರೆ ಅಲ್ಲಿ ಎದ್ದು ಕೂತರೆ ತಲೆ ಚಾವಣಿಗೆ ತಾಗುತ್ತದೆ. ರಾತ್ರಿ ರೈಲಿನಲ್ಲಿ ಮಲಗಿದರೆ ಒಂದು ರಾತ್ರಿಯ ವಸತಿ ಖರ್ಚು ಉಳಿಯಿತು. ಹಗಲಿನ ಸಣ್ಣ ಪ್ರಯಾಣಕ್ಕೆ ಮಾತ್ರ, ಮರದ ಬೆಂಚಿನ ಬೋಗಿ ಇರುವ ಗಾಡಿ ಸಿಕ್ಕಿದರೆ ಅದನ್ನೇ ಹತ್ತಿ ಎಂದು ನಾನು ಒತ್ತಾಯ ಮಾಡುತ್ತೇನೆ. ಬೋಗಿಯ ತುದಿಯಲ್ಲಿ ಬಿಸಿನೀರಿನ ನಲ್ಲಿ ಇರುತ್ತದೆ. ಜನ ಕಾಗದದ ಬಟ್ಟಲಿನಲ್ಲಿ ಒಣ ನೂಡಲ್ಸ್ ಹಿಡಿದು ಅಲ್ಲಿ ಸಾಲು ನಿಲ್ಲುತ್ತಾರೆ. ತಳ್ಳುಗಾಡಿಯಲ್ಲಿ ಅಕ್ಕಿ ಗಂಜಿ, ಬೇಯಿಸಿದ ಮೊಟ್ಟೆ, ಮೆಕ್ಕೆಜೋಳ ಬರುತ್ತವೆ. ಎದುರಿಗೆ ಕುಳಿತ ಅಜ್ಜಿಯೊಬ್ಬರು ಸಂಚಿಯಿಂದ ಪೊಮೆಲೊ ಹಣ್ಣು, ಅಂದರೆ ನಮ್ಮ ಚಕ್ಕೋತ, ತೆಗೆದು, ಸಿಪ್ಪೆ ಬಿಡಿಸಿ, ಒಂದೊಂದು ತೊಳೆಯ ಮೇಲಿನ ಬಿಳಿ ಪೊರೆಯನ್ನೂ ಉಗುರಿನಿಂದ ಸುಲಿದು, ಉಪ್ಪು ಮೆಣಸಿನ ಪುಡಿಯಲ್ಲಿ ಅದ್ದಿ ನನ್ನ ಕೈಗಿಟ್ಟರು. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ದೇವನಹಳ್ಳಿಯ ಚಕ್ಕೋತ ತಿಂದು ಬೆಳೆದವರಿಗೆ ಆ ರುಚಿ ಹೊಸದೇನಲ್ಲ, ಆದರೆ ಆ ಕೈಯ ಅಕ್ಕರೆಯನ್ನು ಮರೆಯಲಾರೆ.

ದಕ್ಷಿಣಕ್ಕೆ ಹೋಗುವಾಗ ಗಾಡಿ ಬೆನ್ ಹಾಯ್ ಎಂಬ ನದಿಯನ್ನು ದಾಟುತ್ತದೆ. ಎರಡು ದಶಕ ಕಾಲ ಉತ್ತರ ದಕ್ಷಿಣಗಳ ಗಡಿಯಾಗಿದ್ದ ನದಿ ಅದು. ಗಮನಿಸದಿದ್ದರೆ ಕ್ಷಣದಲ್ಲಿ ಹಿಂದೆ ಸರಿದುಹೋಗುತ್ತದೆ, ಆದ್ದರಿಂದ ನಕ್ಷೆ ನೋಡಿಕೊಂಡು ಕಿಟಕಿಯ ಬಳಿ ಇರಿ. ಹುಯೆ ನಗರದಿಂದ ಡಾ ನಾಂಗ್ ವರೆಗಿನ ಸುಮಾರು ನೂರು ಕಿಲೋಮೀಟರನ್ನು ಹಗಲಿನಲ್ಲೇ ಪ್ರಯಾಣಿಸಿ, ಎಡಗಡೆಯ ಕಿಟಕಿ ಹಿಡಿಯಿರಿ. ಹಾಯ್ ವಾನ್ ಘಾಟಿಯಲ್ಲಿ ಬೆಟ್ಟದ ಮಗ್ಗುಲಿಗೆ ಅಂಟಿಕೊಂಡು ರೈಲು ಸಾಗುವಾಗ ಕೆಳಗೆ ಕಡಲು ಕಾಣುತ್ತದೆ.

ಇನ್ನು ದುಡ್ಡಿನ ವಿಚಾರ. ಅಲ್ಲಿನ ನಾಣ್ಯ ಡಾಂಗ್. ಇತ್ತೀಚಿನ ವರ್ಷಗಳ ದರದಲ್ಲಿ ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಸೊನ್ನೆಗಳು ಕಣ್ಣು ಕತ್ತಲೆ ಬರಿಸುತ್ತವೆ. ವ್ಯಾಪಾರಿಗಳು ಮೂವತ್ತು ಎಂದರೆ ಮೂವತ್ತು ಸಾವಿರ ಎಂದರ್ಥ, ಅಂದರೆ ನೂರು ರೂಪಾಯಿ. ಇಪ್ಪತ್ತು ಸಾವಿರದ ನೋಟು, ಐದು ಲಕ್ಷದ ನೋಟು ಎರಡೂ ನೀಲಿ ಛಾಯೆಯವು, ಎರಡರಲ್ಲೂ ಹೊ ಚಿ ಮಿನ್ ಅವರ ಚಿತ್ರ. ಮಂದ ಬೆಳಕಿನಲ್ಲಿ ಅದಲು ಬದಲಾಗುವುದು ಸುಲಭ. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲೇ ಇಟ್ಟುಕೊಳ್ಳಿ. ಬಂಕ್ ಹಾಸಿಗೆಯ ಹಾಸ್ಟೆಲ್‌ನಲ್ಲಿ ಒಂದು ರಾತ್ರಿಗೆ ಐನೂರು ರೂಪಾಯಿಯ ಆಸುಪಾಸಿನಲ್ಲಿ ಜಾಗ ಸಿಗುತ್ತದೆ, ಎಷ್ಟೋ ಕಡೆ ಬೆಳಗಿನ ತಿಂಡಿಯೂ ಅದರಲ್ಲೇ ಸೇರಿರುತ್ತದೆ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಉಳಿತಾಯವೆಂದರೆ ಬೀದಿಬದಿಯಲ್ಲಿ ಊಟ ಮಾರುವ ಹೆಂಗಸಿನ ಹತ್ತಿರ ಹತ್ತು ರೂಪಾಯಿಗೆ ಜಗ್ಗಾಡುವುದು ಎಂದು ಕೆಲವರು ತಿಳಿದಿದ್ದಾರೆ. ಹಾಗೆ ಮಾಡಬೇಡಿ. ಅವರು ನಸುಕಿನಲ್ಲೇ ಎದ್ದು ಸಾರು ಕುದಿಸಿರುತ್ತಾರೆ. ಉಳಿಸಬೇಕಾದರೆ ವಿಮಾನದ ಬದಲು ರೈಲು ಹತ್ತಿ, ದಿನಕ್ಕೊಂದು ಊರು ಓಡುವ ಬದಲು ಒಂದೇ ಊರಿನಲ್ಲಿ ನಾಲ್ಕು ದಿನ ನಿಲ್ಲಿ, ಹೋಟೆಲಿನ ಬದಲು ಬೀದಿಯಲ್ಲಿ ಉಣ್ಣಿ.

ಉಣ್ಣುವ ಮಾತು ಬಂದಾಗ ನಮ್ಮ ಸಸ್ಯಾಹಾರಿಗಳ ಮುಖ ಸಣ್ಣದಾಗುತ್ತದೆ. ನಿಜ, ಸೊಪ್ಪಿನ ಪಲ್ಯದ ಮೇಲೂ ಮೀನಿನ ಸಾಸ್ ಬೀಳುವ ದೇಶವದು. ಮಾಂಸ ಬೇಡ ಎಂದರೆ ಮಾಂಸದ ತುಂಡುಗಳನ್ನು ತೆಗೆದು ಅದೇ ಸಾರು ಕೊಡುತ್ತಾರೆ, ಅವರ ಮನಸ್ಸಿನಲ್ಲಿ ಅದು ಸರಿಯೇ. ಆದರೆ ಬೌದ್ಧ ಸಂಪ್ರದಾಯದ ಸಸ್ಯಾಹಾರ ಅಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ‘ಅನ್ ಚಾಯ್’, ಅಂದರೆ ಸಸ್ಯಾಹಾರ, ಎಂದು ಹೇಳಿದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಸಾಮಾನ್ಯ ಜನರೂ ಮಾಂಸ ಬಿಡುವುದುಂಟು, ಅಂದು ಸಸ್ಯಾಹಾರದ ಅಂಗಡಿಗಳು ತುಂಬಿ ತುಳುಕುತ್ತವೆ. ಹಳೆಯ ರಾಜಧಾನಿ ಹುಯೆಯಲ್ಲಂತೂ ಈ ಅಡುಗೆ ಒಂದು ಕಲೆಯೇ ಆಗಿದೆ. ತೋಫು, ಅಣಬೆ, ಹಲಸಿನ ಎಳೆಗಾಯಿ, ಪಕ್ಕದಲ್ಲಿ ಬುಟ್ಟಿ ತುಂಬ ಹಸಿ ಸೊಪ್ಪು. ಗಾಜಿನ ಕಪಾಟಿನಲ್ಲಿರುವುದನ್ನು ಬೆರಳು ಮಾಡಿ ತೋರಿಸಿದರೆ ಅನ್ನದ ಮೇಲೆ ಬಡಿಸುತ್ತಾರೆ.

ಕಾಫಿಯನ್ನು ಬಿಟ್ಟು ಮುಂದೆ ಹೋಗಲಾರೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ಹೆಚ್ಚಿನ ಪಾಲು ರೊಬಸ್ಟಾ. ಅಲ್ಲಿ ಬರ ಬಿದ್ದರೆ ಕೊಡಗಿನ ಬೆಳೆಗಾರನಿಗೆ ಸಿಗುವ ಬೆಲೆ ಬದಲಾಗುತ್ತದೆ. ಲೋಟದ ಮೇಲೆ ಪುಟ್ಟ ತಗಡಿನ ಫಿಲ್ಟರ್ ಇಟ್ಟು, ಹನಿ ಹನಿಯಾಗಿ ಇಳಿಯುವವರೆಗೆ ಕಾಯಿಸುತ್ತಾರೆ. ಕೆಳಗೆ ಮಂದಗೊಳಿಸಿದ ಸಿಹಿ ಹಾಲು. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಅದನ್ನು ಕುಡಿಯಲು ನೂರು ರೂಪಾಯಿಯೂ ಬೇಡ.

ಖರ್ಚು ಮಾಡಲು ಹಿಂದೆ ಮುಂದೆ ನೋಡಬಾರದ ಒಂದು ಜಾಗವಿದೆ. ಹೋಯ್ ಆನ್ ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಬೆಟ್ಟಗಳ ನಡುವಿನ ಮಿ ಸನ್. ಇಂದಿನ ವಿಯೆಟ್ನಾಂನ ನಡುನಾಡಿನಲ್ಲಿ ಹಿಂದೆ ಇದ್ದ ಚಂಪಾ ರಾಜ್ಯದ ದೊರೆ ಭದ್ರವರ್ಮ 4ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಭದ್ರೇಶ್ವರನೆಂಬ ಶಿವನನ್ನು ಪ್ರತಿಷ್ಠಾಪಿಸಿದ. ಅಲ್ಲಿಂದ ಮುಂದೆ ಹತ್ತಿರ ಹತ್ತಿರ ಸಾವಿರ ವರ್ಷ ಇಟ್ಟಿಗೆಯ ಗುಡಿಗಳು ಏಳುತ್ತಲೇ ಇದ್ದವು. ಗೋಡೆಗೆ ಮುಖ ಹತ್ತಿರ ತಂದು ನೋಡಿ: ಕೆಂಪು ಇಟ್ಟಿಗೆಗಳ ನಡುವೆ ಗಾರೆಯ ಗೆರೆಯೇ ಕಣ್ಣಿಗೆ ಬೀಳುವುದಿಲ್ಲ. ಕಟ್ಟಿದ ಮೇಲೆ ಆ ಇಟ್ಟಿಗೆಯಲ್ಲೇ ಹೂಬಳ್ಳಿಗಳನ್ನು ಕೆತ್ತಿದ್ದಾರೆ. 1969ರಲ್ಲಿ ಅಮೆರಿಕದ ಬಾಂಬುಗಳು ಇಲ್ಲಿನ ಅತಿ ಎತ್ತರದ ಗುಡಿಯನ್ನು ಕೆಡವಿದವು. ಬಾಂಬಿನ ಗುಂಡಿಗಳು ಹುಲ್ಲು ಬೆಳೆದು ಇಂದಿಗೂ ಹಾಗೇ ಇವೆ. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಇಲ್ಲಿನ ಮೂರು ಗುಂಪಿನ ಗುಡಿಗಳ ಜೀರ್ಣೋದ್ಧಾರ ಮಾಡಿದೆ. ಆ ಕೆಲಸದ ನಡುವೆಯೇ, 2020ರಲ್ಲಿ, ಏಕಶಿಲೆಯ ಶಿವಲಿಂಗವೊಂದು ಮಣ್ಣಿನಿಂದ ಮೇಲೆ ಬಂತು. ನಮ್ಮ ತೆರಿಗೆಯ ಹಣ ಅಲ್ಲಿನ ಗೋಡೆಗಳನ್ನು ನಿಲ್ಲಿಸಿದೆ ಎಂಬುದನ್ನು ಕನ್ನಡಿಗರು ಹೋಗಿ ಕಣ್ಣಾರೆ ನೋಡಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಿಸಿಲೇರಿದ ಮೇಲೆ ಪ್ರವಾಸಿ ಬಸ್ಸುಗಳ ಸಂದಣಿ.

ಹೊರಡುವ ಮುನ್ನ ಎರಡು ಎಚ್ಚರಿಕೆ. ವೀಸಾವನ್ನು ಅಂತರ್ಜಾಲದಲ್ಲೇ ಪಡೆಯಬಹುದು, 90 ದಿನಗಳವರೆಗೂ ಸಿಗುತ್ತದೆ, ಒಂದು ಬಾರಿ ಪ್ರವೇಶಕ್ಕೆ ಶುಲ್ಕ 25 ಡಾಲರ್. ಸರ್ಕಾರದ ತಾಣದ ಹಾಗೆಯೇ ಕಾಣುವ, ದುಪ್ಪಟ್ಟು ಹಣ ಕೀಳುವ ತಾಣಗಳೂ ಇವೆ, ವಿಳಾಸವನ್ನು ಎರಡು ಸಲ ನೋಡಿ. ಇನ್ನೊಂದು ಬಾಡಿಗೆ ಬೈಕಿನದು. ಪರವಾನಗಿ ಕೇಳದೆಯೇ ಕೀಲಿ ಕೈಗಿಡುತ್ತಾರೆ. ಆದರೆ ಅಲ್ಲಿ ಮಾನ್ಯವಾದ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸ ವಿಮೆಯ ಹಣ ಬರುವುದಿಲ್ಲ. ಅಗ್ಗದ ಪ್ರವಾಸ ಆಸ್ಪತ್ರೆಯ ಬಿಲ್ಲಿನಲ್ಲಿ ಮುಗಿಯುವುದು ಬೇಡ. ಬಸ್ಸಿದೆ, ಸೈಕಲ್ ಇದೆ.

ಅಕ್ಟೋಬರ್, ನವೆಂಬರ್‌ನಲ್ಲಿ ನಡುನಾಡಿನ ಕರಾವಳಿಗೆ ಚಂಡಮಾರುತ, ಪ್ರವಾಹದ ಕಾಟ. ಜನವರಿ ಕೊನೆಯಿಂದ ಫೆಬ್ರವರಿಯ ನಡುವೆ ಬರುವ ಟೆಟ್ ಅವರ ಹೊಸ ವರ್ಷದ ಹಬ್ಬ. ಊರಿಗೆ ಊರೇ ಮನೆಗೆ ಹೊರಟಿರುತ್ತದೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ, ಅಂಗಡಿಗಳು ಮುಚ್ಚಿರುತ್ತವೆ. ಹಬ್ಬ ಕಳೆದು ಮಾರ್ಚ್ ಬಂದ ಮೇಲೆ ಹೊರಡಿ. ಮರದ ಬೆಂಚಿನ ಮೇಲೆ ಹಾಸಿಕೊಳ್ಳಲು ಒಂದು ದಪ್ಪ ಟವೆಲ್ ಇಟ್ಟುಕೊಳ್ಳಿ.

ನಮಸ್ಕಾರ.