ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ: ಹೈದರಾಬಾದಿನ ಇರಾನಿ ಹೋಟೆಲ್‌ಗಳು

ಕೇಳುಗರಿಗೆಲ್ಲ ನಮಸ್ಕಾರ. ಹೈದರಾಬಾದಿನ ಇರಾನಿ ಹೋಟೆಲ್‌ಗಳ ಬಗ್ಗೆ ಒಂದು ಹದಿನೈದು ನಿಮಿಷ ಮಾತಾಡಿ ಅಂತ ನಿಲಯದವರು ಕರೆದಿದ್ದಾರೆ. ಹದಿನೈದು ನಿಮಿಷದಲ್ಲಿ ಆ ಹೋಟೆಲ್‌ಗಳಲ್ಲಿ ಒಂದು ಕಪ್ ಚಹಾ ಸಾಸರಿಗೆ ಸುರ್ಕೊಂಡು ಕುಡಿಯೋದೂ ಮುಗಿಯಲ್ಲ, ಆದ್ರೂ ಕರೆದಿದ್ದಕ್ಕೆ ಥ್ಯಾಂಕ್ಸ್.

ನಾನು ತಿಂಡಿ-ಊಟದ ಎಕ್ಸ್‌ಪರ್ಟ್ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಹಳೇ ಕಟ್ಟಡಗಳನ್ನ ಟೇಪ್ ಹಿಡಿದು ಅಳೆದು ನಕ್ಷೆ ತೆಗೆಯೋದು, ಅದನ್ನೇ ಆರ್ಕಿಟೆಕ್ಚರ್ ಓದೋ ಮಕ್ಕಳಿಗೆ ಕಲಿಸೋದು ನನ್ನ ಕೆಲಸ. ಹಾಗಾಗಿ ಯಾರಾದ್ರೂ "ಮೇಡಂ, ಹೈದರಾಬಾದಲ್ಲಿ ಬೆಸ್ಟ್ ಚಹಾ ಎಲ್ಲಿ ಸಿಗತ್ತೆ" ಅಂತ ಫೋನ್ ಮಾಡಿದ್ರೆ ನನಗೆ ಸ್ವಲ್ಪ ಸಿಟ್ಟೇ ಬರತ್ತೆ. ಚಹಾ ಎಲ್ಲಾದ್ರೂ ಸಿಗತ್ತೆ ಕಣ್ರೀ. ಆ ಹೋಟೆಲಲ್ಲಿ ನೀವು ದುಡ್ಡು ಕೊಡೋದು ಚಹಾಗಲ್ಲ, ಕುರ್ಚಿಗೆ. ಇವತ್ತು ನಾನು ಹೇಳೋದು ಒಂದೇ ಮಾತು, ಅದನ್ನೇ ತಿರುಗಿಸಿ ಮುರುಗಿಸಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ: ಹೋಗಿ, ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ.

ಈಗ ಕೇಳ್ತಿರೋರಲ್ಲಿ ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಕಡೆಯವರು ಬಹಳ ಜನ ಇರ್ತೀರಿ ಅಂತ ಗೊತ್ತು. ನಿಮಗೆ ಹೈದರಾಬಾದ್ ಪರ ಊರಲ್ಲ. 1948ರ ಸೆಪ್ಟೆಂಬರ್ ತನಕ ನಿಜಾಮರ ಸಂಸ್ಥಾನ, 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯ, ಅಲ್ಲೀವರೆಗೂ ನಿಮ್ಮ ಅಜ್ಜಂದಿರಿಗೆ ರಾಜಧಾನಿ ಅಂದ್ರೆ ಅದೇ. 1918ರಲ್ಲಿ ಶುರುವಾದ ಉಸ್ಮಾನಿಯಾ ಯೂನಿವರ್ಸಿಟಿಗೆ ಈ ಕಡೆಯಿಂದ ಹೋಗಿ ಉರ್ದು ಮಾಧ್ಯಮದಲ್ಲಿ ಓದಿ ಬಂದ ವಕೀಲರು, ಮಾಸ್ತರರು ಎಷ್ಟೋ ಜನ ಇದ್ರು, ಅವರೆಲ್ಲ ಆ ಹೋಟೆಲ್‌ಗಳಲ್ಲಿ ಗಂಟೆಗಟ್ಟಲೆ ಕೂತವರು. ಈಗ ನಾವೂ ಹೋಗ್ತೀವಿ, ಆಸ್ಪತ್ರೆಗೆ ಹೋಗ್ತೀವಿ, ಮದುವೆ ಜವಳಿಗೆ ಹೋಗ್ತೀವಿ, ಏರ್‌ಪೋರ್ಟಿಗೆ ಮಗನ್ನ ಬಿಡೋಕೆ ಹೋಗ್ತೀವಿ, ಮಧ್ಯೆ ಟೈಮ್ ಸಿಕ್ರೆ ಚಾರ್‌ಮಿನಾರ್ ಹತ್ರ ಇಳಿದು ಒಂದು ಫೋಟೋ, ಕೈಯಲ್ಲಿ ಪೇಪರ್ ಕಪ್ಪು, ಚಹಾ ಆರೋದ್ರೊಳಗೆ ಆಟೋ. ಆಮೇಲೆ ಊರಿಗೆ ಬಂದು ಇರಾನಿ ಚಹಾ ಕುಡಿದ್ವಿ ಅಂತೀವಿ. ಕುಡಿದ್ರಿ ಸರಿ, ಕೂತಿದ್ರಾ?

ಈ ಚಹಾ ಹೋಟೆಲ್‌ಗಳನ್ನ ಶುರು ಮಾಡಿದ ಇರಾನಿಗಳು ಯಾರು ಅಂತ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೇ ಶತಮಾನದ ಮೊದಲಲ್ಲಿ ಇರಾನಿನ ಯಜ್ದ್ ಮತ್ತೆ ಸುತ್ತಮುತ್ತಲಿಂದ ಕೆಲಸ ಹುಡುಕ್ಕೊಂಡು ಬಂದವರು, ಎಷ್ಟೋ ಜನ ಮುಂಬೈಗೆ ಬಂದು ಅಲ್ಲಿಂದ ಈ ಕಡೆ ಇಳಿದವರು. ಮುಂಬೈ ಕಡೆ ಜೊರಾಸ್ಟ್ರಿಯನ್ನರು, ಅಂದ್ರೆ ಇಸ್ಲಾಮಿಗೂ ಮುಂಚಿನ ಇರಾನಿ ಧರ್ಮದವರು ಜಾಸ್ತಿ, ಹೈದರಾಬಾದಲ್ಲಿ ನೆಲೆಸಿದವರಲ್ಲಿ ಶಿಯಾ ಮುಸ್ಲಿಮರು ಜಾಸ್ತಿ. ಅವರಿಗೆ ಹೈದರಾಬಾದ್ ಪೂರ್ತಿ ಹೊಸದೇನೂ ಆಗಿರ್ಲಿಲ್ಲ. 1591ರಲ್ಲಿ ಚಾರ್‌ಮಿನಾರ್ ಕಟ್ಟಿಸಿದ ಕುತುಬ್‌ಶಾಹಿಗಳ ಕಾಲದಿಂದಲೂ ಅಲ್ಲಿ ಇರಾನಿನ ಫಾರ್ಸಿ ಭಾಷೆ ಇತ್ತು, ಮೊಹರಂ ಇತ್ತು, ಇರಾನಿನಿಂದ ಬಂದ ಮನೆತನಗಳಿದ್ವು. ಇನ್ನು ಚಹಾ ವಿಷಯ, ಇರಾನಿನಲ್ಲಿ ಹಾಲು ಹಾಕಲ್ಲ, ಸಕ್ಕರೆ ಗಡ್ಡೆ ಹಲ್ಲಲ್ಲಿ ಕಚ್ಚಿ ಕರೀ ಚಹಾ ಹೀರೋದು ಅವರ ಪದ್ಧತಿ. ಹಾಲು ಸೇರಿದ್ದು ಇಲ್ಲಿ ಬಂದ್ಮೇಲೆ.

ಈಗ ಕಟ್ಟಡ. ಇದು ನನ್ನ ಏರಿಯಾ, ಸ್ವಲ್ಪ ಸಮಾಧಾನವಾಗಿ ಹೇಳ್ತೀನಿ.

1908ರಲ್ಲಿ ಮೂಸಿ ನದಿ ಉಕ್ಕಿ ಊರಿನ ದೊಡ್ಡ ಭಾಗ ಕೊಚ್ಕೊಂಡು ಹೋಯ್ತು. ಆಮೇಲೆ 1912ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಮಾಡಿದ್ರು, ಗಲ್ಲಿಗಳು ಹೋಗಿ ಅಗಲ ರಸ್ತೆಗಳು ಬಂದ್ವು, ಪತ್ತರ್‌ಗಟ್ಟಿಯ ಆ ಕಲ್ಲಿನ ಕಮಾನು ಅಂಗಡಿಸಾಲು ಅದೇ ಬೋರ್ಡಿನ ಕೆಲಸ. ಅಗಲ ರಸ್ತೆ ಬಂದ್ರೆ ಏನಾಗತ್ತೆ, ದೊಡ್ಡ ದೊಡ್ಡ ಮೂಲೆಗಳು ಹುಟ್ತವೆ. ಹಳೇ ಇರಾನಿ ಹೋಟೆಲ್‌ಗಳನ್ನ ನೋಡಿ, ಬಹಳಷ್ಟು ಮೂಲೆಯಲ್ಲೇ ಇರ್ತವೆ. ಮೂಲೆ ಜಾಗ ಅಪಶಕುನ ಅಂತ ಬೇರೆ ವ್ಯಾಪಾರಿಗಳು ಬಿಟ್ರು, ಇರಾನಿಗಳು ಹಿಡಿದ್ರು ಅಂತ ಒಂದು ಕಥೆ ಹೇಳ್ತಾರೆ. ಇರಬಹುದು. ಆದ್ರೆ ಕಟ್ಟಡದವರನ್ನ ಕೇಳಿದ್ರೆ ಲಾಭ ಕಣ್ಣಿಗೇ ಕಾಣ್ತದೆ: ಎರಡು ಬೀದಿಗೆ ಬಾಗಿಲು, ಎರಡು ಕಡೆಯಿಂದ ಗಾಳಿ, ಎರಡು ಕಡೆಯಿಂದ ಗಿರಾಕಿ. ಒಳಗೆ ಎತ್ತರದ ಸೂರು, ಉದ್ದ ಕಡ್ಡಿಯ ಫ್ಯಾನು, ಮಾರ್ಬಲ್ ಹಾಸಿದ ಟೇಬಲ್, ಬಾಗಿಸಿದ ಮರದ ಕುರ್ಚಿ, ಗೋಡೆ ತುಂಬ ಕನ್ನಡಿ. ಆ ಕನ್ನಡಿ ನೀವು ಕೂದಲು ಬಾಚ್ಕೊಳ್ಳಲಿ ಅಂತ ಹಾಕಿದ್ದಲ್ಲ, ಬಾಗಿಲ ಹತ್ರ ಗಲ್ಲಾದಲ್ಲಿ ಕೂತ ಸೇಠ್‌ಗೆ ಹೋಟೆಲಿನ ಎಲ್ಲ ಟೇಬಲ್ ಕಾಣಬೇಕು, ಅದಕ್ಕೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹಳೇ ಹೈದರಾಬಾದಲ್ಲಿ ದೊಡ್ಡವರದ್ದೆಲ್ಲ ದೇವಡಿಗಳು, ಅಂದ್ರೆ ಎತ್ತರದ ಕಾಂಪೌಂಡು, ದೊಡ್ಡ ಬಾಗಿಲು, ಕಾವಲುಗಾರ. ಕರೆದ್ರೆ ಮಾತ್ರ ಒಳಗೆ. ಪರಿಚಯ ಇಲ್ಲದ ಮನುಷ್ಯ ಬಿಸಿಲಲ್ಲಿ ಬಂದು ಕೂತ್ಕೊಳ್ಳೋಕೆ, ನೀನ್ಯಾರು ಯಾವ ಜಾತಿ ಯಾರ ಕಡೆಯವನು ಅಂತ ಕೇಳದ ಒಂದು ಕೋಣೆ ಬೇಕಿತ್ತಲ್ಲ, ಅದು ಈ ಹೋಟೆಲ್. ರಿಕ್ಷಾದವನು, ಗುಮಾಸ್ತ, ದಲ್ಲಾಳಿ, ಕವಿ, ಎಲ್ರಿಗೂ ಒಂದೇ ಕಪ್ಪು, ಒಂದೇ ಟೇಬಲ್. ಅಬಿಡ್ಸ್‌ನಲ್ಲಿ ಓರಿಯಂಟ್ ಹೋಟೆಲ್ ಅಂತ ಇತ್ತು, ಈಗಿಲ್ಲ, ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನ್ ಮತ್ತೆ ಅವರ ಗೆಳೆಯರ ಅಡ್ಡಾ ಅದು. ಮಖ್ದೂಮ್ ಕವಿ ಮಾತ್ರ ಅಲ್ಲ, ಕಮ್ಯುನಿಸ್ಟ್ ಪಾರ್ಟಿ, ಕಾರ್ಮಿಕ ಸಂಘ ಕಟ್ಟಿದವರು. ಕವಿತೆ, ಯೂನಿಯನ್ ಎರಡಕ್ಕೂ ಕುರ್ಚಿ ಬೇಕು. ನಿಂತ್ಕೊಂಡು ಪೇಪರ್ ಕಪ್ಪಲ್ಲಿ ಎರಡೂ ಆಗಲ್ಲ. (ಹೆಂಗಸರ ಕಥೆ ಬೇರೆ ಇತ್ತು, ನಮಗೆ ಪರದೆ ಹಾಕಿದ ಫ್ಯಾಮಿಲಿ ಕ್ಯಾಬಿನ್ನು. ಈಗ ಎಲ್ರ ಮಧ್ಯೆನೇ ಕೂರ್ತೀವಿ, ಯಾರೂ ಏನೂ ಅನ್ನಲ್ಲ, ನೀವೂ ಕೂರಿ.)

ಈಗ ನಮ್ಮ ಕಾಕಾನ ವಿಷಯ ಹೇಳ್ಲೇಬೇಕು.

ಕಾಕಾ ರಾಯಚೂರಿನವರು, ಬ್ಯಾಂಕಲ್ಲಿ ಆಡಿಟ್ ಮಾಡ್ತಾ ಮಾಡ್ತಾ ರಿಟೈರ್ ಆದವರು. ಎಲ್ಲೂ ಹತ್ತು ನಿಮಿಷ ಕೂರೋ ಮನುಷ್ಯ ಅಲ್ಲ, ಮದುವೆ ಮನೆಯಲ್ಲಿ ಅಕ್ಕಿಕಾಳು ಹಾಕಿದ ಕೂಡ್ಲೇ ಚಪ್ಪಲಿ ಹುಡುಕ್ತಾರೆ. ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಚೆಕಪ್‌ಗೆ ಅಂತ ಹೈದರಾಬಾದಿಗೆ ಕರ್ಕೊಂಡು ಹೋಗಿದ್ದೆ, ಡಾಕ್ಟರು ಸಂಜೆ ಬನ್ನಿ ಅಂದ್ರು. ಅಬಿಡ್ಸ್ ಹತ್ರ ಒಂದು ಹಳೇ ಹೋಟೆಲಿಗೆ ನುಗ್ಗಿಸಿದೆ. ಕಪ್ಪು ಕನ್ನಡಕ ಹಾಕ್ಕೊಂಡು, ಕೈಯಲ್ಲಿ ಆಸ್ಪತ್ರೆ ಫೈಲ್ ಹಿಡ್ಕೊಂಡು ಕೂತ್ರು. ವಯಸ್ಸಾದ ವೇಟರ್ ಬಂದ, ಹೆಗಲ ಮೇಲೆ ಟವಲ್ಲು, ಏನೂ ಕೇಳದೆ ಒಂದು ಪ್ಲೇಟ್ ಸಣ್ಣ ಉಳ್ಳಾಗಡ್ಡಿ ಸಮೋಸ, ಒಂದು ಪ್ಲೇಟ್ ಬಿಸ್ಕತ್ತು ಇಟ್ಟು ಹೊರಟ. ಕಾಕಾಗೆ ಗಾಬರಿ, ನಾವು ಕೇಳೇ ಇಲ್ಲಲ್ಲ ಅಂದ್ರು. ಅವನು ತಿರುಗಿ ನೋಡಿ, "ಖಾಯೇ ಸೋ ಗಿನ್ತೇ ಸಾಬ್, ಬಾಕಿ ವಾಪಸ್" ಅಂದ. ತಿಂದಿದ್ದು ಎಣಿಸ್ತೀವಿ, ಉಳಿದಿದ್ದು ವಾಪಸ್ ತಗೊಂಡು ಹೋಗ್ತೀವಿ. ಅಲ್ಲಿ ಅದೇ ರೂಢಿ.

ಆಡಿಟರ್‌ಗೆ ಇದು ಹೇಗೆ ಸಹಿಸತ್ತೆ. "ಚೀಟಿ ಇಲ್ಲ, ಪೆನ್ನಿಲ್ಲ, ಇಷ್ಟು ಟೇಬಲ್ ಇವನೊಬ್ಬನೇ ನೋಡ್ತಾನ, ಇದ್ರಾಗ ಲೀಕೇಜ್ ಇರದೆ ಇರ್ತದೇನವಾ?" ಅಂದ್ರು ನನಗೆ. ಅಂದವರೇ ಫೈಲಿಂದ ಒಂದು ಹಾಳೆ ಎಳೆದು ಹಿಂದುಗಡೆ ಗೆರೆ ಹೊಡೆದ್ರು: ಟೇಬಲ್, ಚಹಾ, ಸಮೋಸ, ಬಿಸ್ಕತ್ತು. ಕನ್ನಡಿಯಲ್ಲಿ ಮೂರು ಟೇಬಲ್ ಕಾಣ್ತಿತ್ತು. ಒಂದರಲ್ಲಿ ಕರೀ ಕೋಟಿನ ಇಬ್ರು ವಕೀಲರು. ಇನ್ನೊಂದರಲ್ಲಿ ಉರ್ದು ಪೇಪರ್ ಹಿಡಿದ ಒಬ್ರು ಮುದುಕರು, ಒಂದೇ ಒಂದು ಚಹಾ, ಅದೂ ಯಾವಾಗ ಬಂದಿದ್ದೋ. ಮೂರನೇದರಲ್ಲಿ ನಾಲ್ಕು ಕಾಲೇಜ್ ಹುಡುಗರು, ಎರಡು ಚಹಾ ತರಿಸಿ ನಾಲ್ಕು ಜನ ಹಂಚ್ಕೊಂಡು, ಸಮೋಸದ ಮೇಲೆ ಮಾತ್ರ ಮುಗಿಬಿದ್ದಿದ್ರು. ಕಾಕಾ ಕಪ್ಪು ಕನ್ನಡಕದೊಳಗಿಂದ ಎಲ್ಲ ಬರ್ಕೋತಾ ಇದಾರೆ. ನಾನು ಹೋಗೋಣ್ವಾ ಅಂದ್ರೆ "ತಡಿ, ಎದ್ದಿಲ್ಲ ಅವ್ರು" ಅಂತಾರೆ. ಇನ್ನೊಂದು ಚಹಾ ತರಿಸಿದ್ರು. ಯಾರು, ಎಲ್ಲೂ ಕೂರದ ಕಾಕಾ!

ವಕೀಲರು ಎದ್ರು. ವೇಟರ್ ಹೋಟೆಲಿನ ಆ ತುದಿಯಿಂದ ಗಲ್ಲಾಕ್ಕೆ ಕೂಗಿದ, "ಕಾಲಾ ಕೋಟ್, ದೋ ಚಾಯ್, ಪಾಂಚ್ ಸಮೋಸಾ!" ಕಾಕಾ ಹಾಳೆ ನೋಡಿದ್ರು, ಸರಿ, ಟಿಕ್ ಹಾಕಿದ್ರು, ಸ್ವಲ್ಪ ಬೇಜಾರೂ ಆಯ್ತು ಅನ್ಸತ್ತೆ. ಆಮೇಲೆ ಹುಡುಗರು ಎದ್ರು. "ಗ್ಯಾರಾ ಸಮೋಸಾ!" ಅಂತ ಕೂಗಿದ. ಕಾಕಾನ ಹಾಳೆಯಲ್ಲಿ ಹತ್ತು. ಎದ್ದು ನಿಂತ್ಬಿಟ್ರು ಮನುಷ್ಯ, "ದಸ್! ದಸ್ ಹೈ!" ಅಂತ ಇಡೀ ಹೋಟೆಲಿಗೆ ಕೇಳೋ ಹಂಗೆ. ಹುಡುಗರಿಗೆ ಖುಷಿಯೋ ಖುಷಿ, ಅಂಕಲ್ ಜಿಂದಾಬಾದ್. ಗಲ್ಲಾದ ಸೇಠ್ ಕತ್ತು ಎತ್ತಿದ್ರು. ವೇಟರ್ ಮಾತ್ರ ಏನೂ ಅನ್ಲಿಲ್ಲ, ನಿಧಾನಕ್ಕೆ ನಡ್ಕೊಂಡು ಹೋಗಿ ಮುದುಕರ ಟೇಬಲ್ ಮುಂದೆ ನಿಂತ. ಮುದುಕರು ನಗ್ತಾ ಪೇಪರ್ ಎತ್ತಿದ್ರು, ಕೆಳಗೆ ಸಾಸರಲ್ಲಿ ಅರ್ಧ ಸಮೋಸ. ಹುಡುಗರಲ್ಲಿ ಒಬ್ಬ ಪಾಪ ಹಿಂದಕ್ಕೆ ಕೈ ಚಾಚಿ ಅಜ್ಜನಿಗೂ ಒಂದು ಕೊಟ್ಟಿದ್ದ, ಕೊಟ್ಟಿದ್ದು ಅವನಿಗೇ ಮರ್ತು ಹೋಗಿತ್ತು. ಪ್ಲೇಟ್ ಯಾರದೋ ಲೆಕ್ಕ ಅವರದ್ದು, ತಿಂದವರು ಯಾರಾದ್ರೂ ಸರಿ. ಕಾಕಾ ಕೂತ್ಕೊಂಡು 10 ಹೊಡೆದು 11 ಬರೆದು, ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿ ಹಾಕಿದ್ರು! ಆಮೇಲೆ ಆ ಅಜ್ಜನ ಟೇಬಲಿಗೇ ಹೋಗಿ ಕೂತು ನಿಜಾಮರ ಕಾಲದ ಹಾಲಿ ಸಿಕ್ಕಾ ದುಡ್ಡಿನ ಲೆಕ್ಕ ಮಾತಾಡ್ತಾ ಕೂತವರನ್ನ ಎಬ್ಬಿಸೋಕೆ ನಾನು ಪಟ್ಟ ಪಾಡು ಬೇಡ, ಡಾಕ್ಟರ ಹತ್ರ ಕೊನೇ ಪೇಷಂಟ್ ನಾವೇ. ಕಣ್ಣಿನ ಡ್ರಾಪ್ಸ್ ಬರೆದ ಚೀಟಿ ಕೊಡಿ ಅಂದ್ರೆ ಅದರ ಹಿಂದೆ ಸಮೋಸದ ಲೆಕ್ಕ.

ಅಯ್ಯೋ, ಕಂಟ್ರೋಲ್ ರೂಮಿಂದ ಕೈ ತೋರಿಸ್ತಿದ್ದಾರೆ, ಟೈಮ್ ಆಗ್ತಾ ಬಂತು. ಚಹಾ ಮಾಡೋ ವಿಧಾನ ವಿವರವಾಗಿ ಹೇಳ್ಬೇಕಿತ್ತು, ಬೇಗ ಹೇಳ್ತೀನಿ. ಎರಡು ಪಾತ್ರೆ. ಒಂದರಲ್ಲಿ ಚಹಾಪುಡಿ ನೀರು, ಬಾಯಿ ಭದ್ರವಾಗಿ ಮುಚ್ಚಿ ಸಣ್ಣ ಉರಿಯಲ್ಲಿ ದಮ್. ಇನ್ನೊಂದರಲ್ಲಿ ಹಾಲು ಬೇರೆ ಕಾದು ಕಾದು ಗಟ್ಟಿ ಆಗ್ತಾ ಇರತ್ತೆ. ಕಪ್ಪಿಗೆ ಡಿಕಾಕ್ಷನ್ ಮೊದ್ಲು, ಹಾಲು ಆಮೇಲೆ. ಪೂರ್ತಿ ಕಪ್ ಬೇಡ ಅಂದ್ರೆ ಪೌನಾ ಅನ್ನಿ, ಹಾಲೇ ಬೇಡ ಅಂದ್ರೆ ಸುಲೇಮಾನಿ. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಸಿಹಿ ಉಪ್ಪು ಎರಡೂ ಇರತ್ತೆ. ಹೆಸರು ಕೊನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರದ್ದು. ಅವರಿಗೆ ಇಷ್ಟ ಅಂತ ಮಾಡಿದ್ದು ಅಂತ ಕೆಲವರು, ಮೂಸಿ ದಡದ ಉಸ್ಮಾನಿಯಾ ಆಸ್ಪತ್ರೆ ರೋಗಿಗಳಿಗೆ ಮಾಡಿದ್ದು ಅಂತ ಕೆಲವರು, ನೀವು ಅದ್ದಿ ತಿನ್ನಿ, ಬೇಗ ತೆಗೀರಿ, ಇಲ್ಲಾಂದ್ರೆ ಕಪ್ಪಿನ ತಳ ಸೇರತ್ತೆ.

ಎಲ್ಲಿ ಹೋಗೋದು. ಅಬಿಡ್ಸ್‌ನ ಗ್ರಾಂಡ್ ಹೋಟೆಲ್ 1935ರದ್ದು, ಅಲ್ಲಿ ಕೂರಿ. ಸಿಕಂದರಾಬಾದಿನ ಪ್ಯಾರಡೈಸ್ ಈಗ ಬಿರಿಯಾನಿಗೆ ಹೆಸರು, 1953ರಲ್ಲಿ ಶುರುವಾದಾಗ ಸಿನಿಮಾ ಟಾಕೀಸಿನ ಜೊತೆಗಿದ್ದ ಸಣ್ಣ ಕೆಫೆ, ಟಾಕೀಸ್ ಹೋಯ್ತು ಹೆಸರು ಉಳೀತು. ಲಕ್ಡೀಕಾಪೂಲ್ ಹತ್ರ ನಿಲೋಫರ್ ಇದೆ, ಅಲ್ಲಿ ಕೆಲಸಕ್ಕೆ ಸೇರಿದ ತೆಲುಗು ಹುಡುಗನೇ ಮುಂದೆ ಮಾಲೀಕರಾದ್ರು, ಹಾಗಾಗಿ ಇರಾನಿ ಅಂದ್ರೆ ಇರಾನಿನವರೇ ಆಗಬೇಕು ಅಂತೇನಿಲ್ಲ. ಚಾರ್‌ಮಿನಾರ್ ಪಕ್ಕದ ನಿಮ್ರಾ ಎಲ್ರಿಗೂ ಗೊತ್ತು, 1993ರದ್ದು, ಅಂಥಾ ಹಳೇದಲ್ಲ. ಬೆಳಗ್ಗೆ ಬೇಗ ಹೋದ್ರೆ ಜಾಗ ಸಿಗಬಹುದು, ಇಲ್ಲಾಂದ್ರೆ ನೂಕುನುಗ್ಗಲು. ಬಂಜಾರಾ ಹಿಲ್ಸ್ ಕಡೆ ಎಸಿ ಕೆಫೆಗಳ ಬಗ್ಗೆ ಹೇಳೋಕೆ ನನಗೆ ಮನಸ್ಸೂ ಇಲ್ಲ ಟೈಮೂ ಇಲ್ಲ, ಆದ್ರೆ ಅಲ್ಲೇ ಲಾಮಕಾನ್ ಅಂತ 2010ರಲ್ಲಿ ಶುರುವಾಗಿದ್ದು ಇದೆ, ಅಂಗಳದಲ್ಲಿ ನಾಟಕ, ಹಾಡು, ಚರ್ಚೆ, ಕಡಿಮೆ ದುಡ್ಡಿಗೆ ಚಹಾ ಸಮೋಸ, ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು, ಅದಕ್ಕೇ ಅದೊಂದು ನನಗೆ ಇಷ್ಟ. ಉಳಿದಂತೆ ಹಳೇ ಹೋಟೆಲ್‌ಗಳು ಒಂದೊಂದೇ ಮುಚ್ತಾ ಇವೆ. ಮೂಲೆ ಜಾಗದ ಬೆಲೆ ಆಕಾಶಕ್ಕೆ ಹೋಗಿದೆ, ಒಂದು ಚಹಾಗೆ ಒಂದು ಗಂಟೆ ಕುರ್ಚಿ ಕೊಡೋದು ಯಾವ ಲೆಕ್ಕಕ್ಕೂ ಕೂಡಲ್ಲ. ಇರೋವರೆಗೆ ಹೋಗಿ ಕೂತ್ಕೊಳ್ಳಿ ಅಂತ ನಾನು ಬಾಯಿ ಬಡ್ಕೊಳ್ಳೋದು ಅದಕ್ಕೇ.

ಇನ್ನೊಂದು ಮರ್ತಿದ್ದೆ, ರಂಜಾನ್ ತಿಂಗಳಲ್ಲಿ ಹೋಗೋರು ಹಗಲು ಹೋಗ್ಬೇಡಿ, ಹಳೇ ಊರಲ್ಲಿ ಬಹಳ ಹೋಟೆಲ್ ಮುಚ್ಚಿರ್ತವೆ. ಇಫ್ತಾರ್ ಆದ್ಮೇಲೆ ಹೋಗಿ, ತಡರಾತ್ರಿವರೆಗೂ ತೆಗೆದಿರ್ತವೆ, ಹಲೀಮ್ ಕೂಡ ಸಿಗತ್ತೆ. ಬಿಸ್ಕತ್ತು ಬೇಕಾದ್ರೆ ಊರಿಗೆ ಕಟ್ಟಿಸ್ಕೊಳ್ಳಿ, ಚಹಾ ಮಾತ್ರ ದಯವಿಟ್ಟು ಪಾರ್ಸೆಲ್ ಕೇಳ್ಬೇಡಿ. ನಮಸ್ಕಾರ.