ಒನಕೆ ಒಮ್ಮೆ, ಬಾಯಿ ದಿನಾ

ಎಲ್ಲರಿಗೂ ನಮಸ್ಕಾರ. ದುರ್ಗದಲ್ಲಿ ನಿಂತು ಧೈರ್ಯದ ಬಗ್ಗೆ ಮಾತಾಡೋದು ಅಂದರೆ ದಾವಣಗೆರೆಯವರಿಗೆ ದೋಸೆ ಹುಯ್ಯೋದು ಹೇಳಿಕೊಟ್ಟ ಹಾಗೆ. ಕಿಂಡಿಯ ಕಥೆ ನಾನು ಹೇಳಬೇಕಾಗಿಲ್ಲ. ನವೆಂಬರ್ 11 ಬಂತು ಅಂದರೆ ಓಬವ್ವ ಜಯಂತಿ. ಕಚ್ಚೆ ಸೀರೆ ಉಟ್ಟು ರಟ್ಟಿನ ಒನಕೆ ಹಿಡಿದ ಪುಟಾಣಿಗಳ ಸಾಲು. ಚಪ್ಪಾಳೆ, ಫೋಟೊ, ಅಪ್ಪ ಅಮ್ಮನ ಸ್ಟೇಟಸ್. ಅದೇ ಹುಡುಗಿ ಮಾರನೇ ದಿನ ಕ್ಲಾಸಿನಲ್ಲಿ "ಮಿಸ್, ಒಂದಕ್ಕೆ ಹೋಗಿ ಬರ್ತೀನಿ" ಅನ್ನೋಕೆ ಹೆದರಿ, ಸಂಜೆ ಬೆಲ್ ಹೊಡೆಯೋವರೆಗೂ ತಡಕೊಂಡು ಕೂತಿರ್ತಾಳೆ. ನನ್ನ ತಕರಾರು ಇಷ್ಟೇ: ಒನಕೆ ಜನ್ಮದಲ್ಲಿ ಒಮ್ಮೆ ಬೇಕಾದೀತು, ಬಾಯಿ ದಿನಾ ಬೇಕು.

ಆ ಬಾಯಿ ಮುಚ್ಚಿಸೋರು ನಾವೇ. ನೆಂಟರು "ಏನು ಪುಟ್ಟಾ ನಿನ್ನ ಹೆಸರು?" ಅಂದರೆ ಮಗು ತುಟಿ ತೆರೆಯೋದರೊಳಗೆ ಅಮ್ಮ ಹೇಳಿ ಮುಗಿಸಿರ್ತಾರೆ. ಡಾಕ್ಟರು "ಎಲ್ಲಪ್ಪಾ ನೋವು?" ಅಂತ ಹುಡುಗನನ್ನ ಕೇಳಿದರೆ ಹೊಟ್ಟೆ ಮುಟ್ಟಿ ತೋರಿಸೋದು ಅವರಪ್ಪ. ಅದೂ ತನ್ನ ಹೊಟ್ಟೆ! (ನಗ್ತೀರಿ, ಮುಂದಿನ ಸಾಲಿನಲ್ಲಿ ಕೂತೋರು ಜಾಸ್ತಿ ನಗ್ತಿದ್ದೀರಿ.) ಊಟ ಬಿಟ್ಟರೆ ಗುಮ್ಮ, ಹಟ ಮಾಡಿದರೆ ಪೊಲೀಸ್. ಇದೇ ಮಗು ನಾಳೆ ನಾಯಕನಹಟ್ಟಿ ಜಾತ್ರೆಯಲ್ಲಿ ಕೈ ತಪ್ಪಿತು ಅನ್ನಿ, ಹೋಗಿ ಕೇಳಬೇಕಾದ್ದು ಪೊಲೀಸರನ್ನೇ. ಎತ್ತಿಕೊಂಡು ಹೋಗ್ತಾರೆ ಅಂತ ನಾವೇ ಹೇಳಿಕೊಟ್ಟಿದ್ದೀವಲ್ಲ, ಅವರ ಹತ್ತಿರ ಹೋಗುತ್ತಾ?

ನನ್ನ ತಂಗಿಯ ಮೊಮ್ಮಗಳ ಕಥೆ ಹೇಳ್ತೀನಿ. ಕೇಳಿದೋರು ಇನ್ನೊಮ್ಮೆ ಕೇಳಿ. ದಾವಣಗೆರೆ, ಭಾನುವಾರ ಬೆಳಗ್ಗೆ, ಬೆಣ್ಣೆ ದೋಸೆ ಹೋಟೆಲು. ಮೂರನೇ ಕ್ಲಾಸಿನ ಹುಡುಗಿ. ಮನೆ ಪಕ್ಕದ ಅಂಗಡಿಯಿಂದ ಮಂಡಕ್ಕಿ ತರೋದು ಆಗಲೇ ರೂಢಿಯಾಗಿತ್ತು. ಅವತ್ತು ತಂಗಿ ದುಡ್ಡು ಕೈಗಿಟ್ಟು "ನೀನೇ ಹೋಗಿ ಎರಡು ಪಾರ್ಸಲ್ ಹೇಳು" ಅಂದಳು. ನಾವಿಬ್ಬರೂ ಬಾಗಿಲ ಹೊರಗೆ. ಕಟ್ಟೆ ಅವಳ ಹಣೆಮಟ್ಟಕ್ಕೆ. ಗಂಡಸರೆಲ್ಲ ಅವಳ ತಲೆ ಮೇಲಿಂದಲೇ ಕೈ ಚಾಚಿ ದುಡ್ಡು ಕೊಡ್ತಿದ್ದಾರೆ. "ಅಣ್ಣಾ" ಅಂದಳು, ಕಾವಲಿ ಮೇಲಿನ ಚುರ್ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಿರಲಿಕ್ಕಿಲ್ಲ. ತಿರುಗಿ ನಮ್ಮ ಕಡೆ ನೋಡಿದಳು. ತಂಗಿ ಒಂದು ಹೆಜ್ಜೆ ಇಟ್ಟೇಬಿಟ್ಟಳು, ನಾನು ಸೆರಗು ಹಿಡಿದು ಎಳೆದೆ. ಇಬ್ಬರೂ ರಸ್ತೆ ಮೇಲಿನ ಆಟೊ ನೋಡ್ತಾ ನಿಂತ್ವಿ. ಆಗ ಶುರುವಾಯಿತು ನೋಡಿ, ನಾಣ್ಯದಿಂದ ಸ್ಟೀಲ್ ಕಟ್ಟೆ ಮೇಲೆ ಟಕ್ ಟಕ್ ಟಕ್. "ಅಣ್ಣಾ, ಇವರಿಗಿಂತ ಮೊದಲು ಬಂದಿದ್ದು ನಾನು!" ದೋಸೆ ಹುಯ್ಯೋನು ಸುತ್ತ ನೋಡ್ತಾನೆ: "ಯಾರಮ್ಮಾ ಅದು, ಕಾಣಲೇ ಇಲ್ಲವಲ್ಲ?" "ಕೆಳಗೆ ನೋಡಿ!" ಎಲ್ಲರೂ ನಕ್ಕರು. ಒಬ್ಬರು ಜರುಗಿ, "ಮೊದಲು ಆಯಮ್ಮಂಗೆ ಕೊಡಪ್ಪಾ" ಅಂದರು. ಹೊರಗೆ ಬಂದವಳ ಕಿವಿ ಕೆಂಪಗೆ, ಕೈ ಇನ್ನೂ ನಡುಗ್ತಿತ್ತು. "ಅಜ್ಜಿ, ಇನ್ನೊಂದು ಚಟ್ನಿನೂ ಕೇಳಿ ಹಾಕಿಸ್ಕೊಂಡೆ" ಅಂದಳು. ಅವತ್ತು ನಮ್ಮ ತಂಗಿ ನುಗ್ಗಿದ್ದರೆ ದೋಸೆ ಎರಡು ನಿಮಿಷ ಬೇಗ ಸಿಗ್ತಿತ್ತು, ಅಷ್ಟೇ.

ಮಂಡಕ್ಕಿ ಮೊದಲು, ದೋಸೆ ಆಮೇಲೆ. ಈ ಕ್ರಮಕ್ಕೆ ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಅನ್ನೋ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಪ್ರಾಣಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನ ದೂರದಲ್ಲಿಟ್ಟು, ದಿನಕಳೆದಂತೆ ಹತ್ತಿರ ತಂದರು. ಹೆದರದ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಮೊಲ ಬೆರಳು ಕಚ್ಚಿ ಆಡಿದರೂ ಅವನು ಸುಮ್ಮನಿದ್ದ. "ಅಷ್ಟು ದೊಡ್ಡೋನಾಗಿ ಮೊಲಕ್ಕೆ ಹೆದರ್ತೀಯಾ" ಅಂತ ಯಾರೂ ಹೀಯಾಳಿಸಲಿಲ್ಲ, ಮೊಲವನ್ನ ಎತ್ತಿ ತೊಡೆ ಮೇಲೆ ಎಸೆಯಲೂ ಇಲ್ಲ. ನಮ್ಮಲ್ಲಿ ಕತ್ತಲಿಗೆ ಹೆದರೋ ಮಗುವನ್ನ ಕತ್ತಲೆ ಕೋಣೆಗೆ ತಳ್ಳಿ ಚಿಲಕ ಹಾಕೋ ವೈದ್ಯ ಇನ್ನೂ ಚಾಲ್ತಿಯಲ್ಲಿದೆ.

ಹಾಗಂತ ಎಲ್ಲ ಭಯವನ್ನೂ ಬಿಡಿಸಬೇಡಿ. ಈಜು ಬಾರದ ಹುಡುಗನಿಗೆ ಹೊಂಡದ ನೀರು ಕಂಡರೆ ಭಯ ಇರಲೇಬೇಕು. ಗೆಳೆಯರು "ಹಾರೋ" ಅಂದಾಗ "ನಾನು ಹಾರಲ್ಲ, ನನಗೆ ಈಜು ಬರಲ್ಲ" ಅನ್ನೋಕೂ ಬಾಯಿ ಬೇಕು. ಮತ್ತೆ ಅಲ್ಲಿಗೇ ಬಂದೆ, ಕ್ಷಮಿಸಿ.

ಸಂಘಟಕರ ಚೀಟಿ ಬಂತು. ಬರೆದುಕೊಂಡು ಬಂದಿದ್ದರಲ್ಲಿ ಅರ್ಧ ಉಳಿಯಿತು. ಎರಡೇ ಮಾತು. ಶಾಲೆಯಲ್ಲಿ ಹೊಡೆಯೋದನ್ನ, ಮಾನಸಿಕವಾಗಿ ಹಿಂಸಿಸೋದನ್ನ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಪ್ರಶ್ನೆ ಕೇಳಿದ ಮಗುವಿಗೆ ಏಟು ಬಿದ್ದರೆ "ನೀನೇನೋ ಮಾಡಿರ್ತೀಯ" ಅಂತ ಶುರು ಮಾಡಬೇಡಿ, ಮೊದಲು ಪೂರ್ತಿ ಕೇಳಿ. ಇನ್ನೊಂದು, 1098 ಮಕ್ಕಳ ಸಹಾಯವಾಣಿ. ನಂಬರು ನಿಮ್ಮ ಮೊಬೈಲಿನಲ್ಲಿ ಇದ್ದರೆ ಸಾಲದು, ಮಗುವಿಗೆ ಬಾಯಿಪಾಠ ಬರಬೇಕು.

ಈಗ ಪ್ರಶ್ನೆಗಳು. ಮೊದಲ ಐದು ನಿಮಿಷ ಮಕ್ಕಳಿಗೆ ಮಾತ್ರ. ಮೈಕು ಹಿಂದಿನ ಸಾಲಿಗೆ ಕೊಡಿ, ನೀಲಿ ಸ್ವೆಟರ್ ಹುಡುಗ ಆಗಿನಿಂದ ಕೈ ಅರ್ಧ ಎತ್ತಿ ಇಳಿಸ್ತಿದ್ದಾನೆ. ಅಮ್ಮಾ, ನೀವು ಅವನ ಕಿವಿಯಲ್ಲಿ ಏನೂ ಹೇಳಿಕೊಡಬೇಡಿ. ಕೇಳಪ್ಪಾ.