ಹಿಡಿದವರು ಉತ್ತರ ಕೊಡಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯ ಒಬ್ಬರನ್ನು ಪೊಲೀಸರು ಕರೆದುಕೊಂಡು ಹೋದರು ಅಂದುಕೊಳ್ಳಿ. ಯಾಕೆ ಅಂತ ಹೇಳಲಿಲ್ಲ. ಎಲ್ಲಿಗೆ ಅಂತಲೂ ಹೇಳಲಿಲ್ಲ. ಆಗ ಮನೆಯವರ ಬಾಯಲ್ಲಿ ಬರುವುದು ಎರಡೇ ಮಾತು. ‘ಅವರು ಎಲ್ಲಿದ್ದಾರೆ? ಯಾಕೆ ಹಿಡಿದಿರಿ?’ ಇದಕ್ಕೆ ಸರ್ಕಾರ ಉತ್ತರ ಕೊಡಲೇಬೇಕು, ಅದರಲ್ಲೇನಿದೆ ಅಂತ ಇವತ್ತು ನಮಗನ್ನಿಸುತ್ತದೆ, ಅಲ್ವಾ? ಆದರೆ ಆ ಉತ್ತರವನ್ನು ಬಾಯಿ ಬಿಡಿಸುವುದಕ್ಕೆ ಜನ ನೂರಾರು ವರ್ಷ ಹೋರಾಡಿದ್ದಾರೆ. ಇವತ್ತು ಆ ಬಗ್ಗೆಯೇ ಮಾತಾಡುತ್ತೇನೆ.

ಕೋರ್ಟಿನ ಭಾಷೆಯಲ್ಲಿ ಇದಕ್ಕೆ ಹೇಬಿಯಸ್ ಕಾರ್ಪಸ್ ಅನ್ನುತ್ತಾರೆ. ಪತ್ರಿಕೆಗಳಲ್ಲಿ ಈ ಹೆಸರು ನೋಡಿರುತ್ತೀರಿ. ಲ್ಯಾಟಿನ್ ಮಾತು. ‘ಆ ಮನುಷ್ಯನನ್ನು ತಂದು ನನ್ನ ಮುಂದೆ ನಿಲ್ಲಿಸು’ ಅಂತ ನ್ಯಾಯಾಧೀಶರು ಕೊಡುವ ಅಪ್ಪಣೆ ಅದು. ಈ ಅಪ್ಪಣೆ ಹೋಗುವುದು ಸೆರೆಯಲ್ಲಿ ಇರುವವನಿಗಲ್ಲ, ಸೆರೆಯಲ್ಲಿ ಇಟ್ಟವನಿಗೆ. ಅದೇ ನನಗೆ ಬಹಳ ಹಿಡಿಸಿದ ಸಂಗತಿ. ‘ನೀನು ಒಳ್ಳೆಯವನಾ, ಕೆಟ್ಟವನಾ’ ಅಂತ ಬಂಧಿಯನ್ನು ಕೇಳುವುದಿಲ್ಲ. ‘ಯಾವ ಕಾನೂನಿನ ಮೇಲೆ ಇವನನ್ನು ಇಟ್ಟುಕೊಂಡಿದ್ದೀಯ, ತೋರಿಸು’ ಅಂತ ಬೀಗದ ಕೈ ಹಿಡಿದವನನ್ನು ಕೇಳುತ್ತಾರೆ.

1627ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ಗೆ ಯುದ್ಧಕ್ಕೆ ಹಣ ಬೇಕಿತ್ತು. ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ಉಳ್ಳವರಿಂದ ಬಲವಂತವಾಗಿ ಸಾಲ ಎತ್ತಿದ. ಕೊಡುವುದಿಲ್ಲ ಅಂದವರನ್ನು ಜೈಲಿಗೆ ಹಾಕಿಸಿದ. ಅವರಲ್ಲಿ ಐದು ಜನ ಕೋರ್ಟಿಗೆ ಹೋದರು. ಯಾಕೆ ಹಿಡಿದಿಟ್ಟಿದ್ದೀರಿ ಅಂತ ಕೇಳಿದರೆ ಜೈಲಿನವರು ಕೊಟ್ಟ ಉತ್ತರ ಇಷ್ಟೇ. ‘ದೊರೆಯ ವಿಶೇಷ ಅಪ್ಪಣೆ.’ ಏನು ತಪ್ಪು ಮಾಡಿದರು ಅನ್ನುವ ಒಂದಕ್ಷರವೂ ಇಲ್ಲ. ನ್ಯಾಯಾಧೀಶರು ಅವರನ್ನು ಬಿಡಲಿಲ್ಲ. ಜನ ಕೆರಳಿದರು. ಮರುವರ್ಷವೇ, ಕಾರಣ ತೋರಿಸದೆ ಯಾರನ್ನೂ ಹೀಗೆ ಹಿಡಿದಿಡಬಾರದು ಅಂತ ಬರೆದು ಪಾರ್ಲಿಮೆಂಟ್ ಅದೇ ದೊರೆಯ ಒಪ್ಪಿಗೆ ಪಡೆಯಿತು.

ಆದರೂ ಜೈಲಿನವರಿಗೆ ದಾರಿಗಳಿದ್ದವು. ಸುಮ್ನೆ ದಿನ ತಳ್ಳುವುದು. ಕೈದಿಯನ್ನು ಸಮುದ್ರದಾಚೆ ಸಾಗಿಸಿಬಿಡುವುದು. 1679ರ ಕಾನೂನು ಇದನ್ನೆಲ್ಲ ಕಟ್ಟಿಹಾಕಿದ್ದು ದೊಡ್ಡ ಮಾತುಗಳಿಂದಲ್ಲ, ಗಡಿಯಾರದಿಂದ. ಬಂಧನದ ಆದೇಶದ ಪ್ರತಿಯನ್ನು ಕೇಳಿದ 6 ಗಂಟೆಯೊಳಗೆ ಕೊಡಬೇಕು. ಜೈಲು ಕೋರ್ಟಿನಿಂದ 20 ಮೈಲಿಯೊಳಗಿದ್ದರೆ 3 ದಿನದಲ್ಲಿ ಬಂಧಿಯನ್ನು ಕರೆತರಬೇಕು. ತಪ್ಪಿದರೆ ಜೈಲಿನವನಿಗೆ 100 ಪೌಂಡ್ ದಂಡ. ಇನ್ನೊಂದು ಸಲ ತಪ್ಪಿದರೆ 200 ಪೌಂಡ್, ಜೊತೆಗೆ ಕೆಲಸವೂ ಹೋಗುತ್ತದೆ. ಆ ದಂಡದ ಹಣ ಸೇರುವುದು ಬಂಧಿಗೇ. ಯಾರು ಬರೆದರೋ, ಸೆರೆಮನೆಯನ್ನು ಹತ್ತಿರದಿಂದ ನೋಡಿದವರೇ ಇರಬೇಕು.

‘ತಪ್ಪು ಮಾಡದವರಿಗೆ ಭಯ ಯಾಕೆ?’ ಅಂತ ಕೆಲವರು ಕೇಳುತ್ತಾರೆ. ಅವರಿಗೆ ನಾನು ಮಿತ್ಸುಯೆ ಎಂಡೊ ಎಂಬ ಹೆಣ್ಣುಮಗಳ ಕಥೆ ಹೇಳಬೇಕು.

ಎಂಡೊ ಹುಟ್ಟಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಕ್ಲರ್ಕ್ ಆಗಿದ್ದಳು. ಜಪಾನನ್ನು ಕಣ್ಣಿಂದ ಕಂಡವಳಲ್ಲ, ಜಪಾನಿ ಭಾಷೆ ಬರುತ್ತಿರಲಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬ ಅಮೆರಿಕದ ಸೈನ್ಯದಲ್ಲೇ ಇದ್ದ. ಆದರೆ ತಂದೆತಾಯಿ ಜಪಾನಿನಿಂದ ಬಂದವರು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ ಮೇಲೆ, 1942ರಲ್ಲಿ, ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ ಎಬ್ಬಿಸಿ ಮುಳ್ಳುತಂತಿಯ ಕ್ಯಾಂಪುಗಳಿಗೆ ತುಂಬಿದರು. ಸುಮಾರು 1,20,000 ಜನ. ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಯಾರ ಮೇಲೂ ಬಿಡಿಬಿಡಿಯಾಗಿ ಆರೋಪ ಇಲ್ಲ, ವಿಚಾರಣೆ ಇಲ್ಲ. ಎಂಡೊಗೆ ಆಗ 22 ವರ್ಷ.

ಒಬ್ಬ ವಕೀಲರು ಅವಳ ಹೆಸರಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಸರ್ಕಾರಕ್ಕೆ ಇರುಸುಮುರುಸಾಯಿತು. ಇವಳ ವಿರುದ್ಧ ಹೇಳುವುದಕ್ಕೆ ಏನೂ ಇಲ್ಲ. ಹಾಗಾಗಿ ಅವಳ ಮುಂದೆ ಒಂದು ದಾರಿ ಇಟ್ಟರು. ‘ನಿನ್ನನ್ನು ಬಿಟ್ಟುಬಿಡುತ್ತೇವೆ, ಹೊರಗೆ ಹೋಗು. ಕರಾವಳಿಗೆ ಮಾತ್ರ ವಾಪಸ್ ಬರಬೇಡ.’ ಒಪ್ಪಿದ್ದರೆ ಅವಳು ಆಗಲೇ ಹೊರಗೆ. ಆದರೆ ಅವಳು ಹೊರಗೆ ಬಂದರೆ ಕೇಸು ಅಲ್ಲಿಗೇ ಬಿದ್ದುಹೋಗುತ್ತದೆ. ಒಳಗಿರುವ ಉಳಿದವರ ಪಾಡೇನು?

ಅವಳು ಹೋಗಲಿಲ್ಲ. ಬಾಗಿಲು ತೆರೆದಿದ್ದರೂ ಕ್ಯಾಂಪಿನಲ್ಲೇ ಉಳಿದಳು. ಅರ್ಜಿ ಹಾಕಿ ಎರಡು ವರ್ಷದ ಮೇಲಾಗಿತ್ತು. 1944ರ ಡಿಸೆಂಬರ್ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ದೇಶಕ್ಕೆ ನಿಷ್ಠೆ ಇದೆಯೆಂದು ಸರ್ಕಾರವೇ ಒಪ್ಪಿದ ಪ್ರಜೆಯನ್ನು ಹೀಗೆ ಹಿಡಿದಿಡುವ ಅಧಿಕಾರ ಇಲ್ಲ. ತೀರ್ಪಿನ ಹಿಂದಿನ ದಿನವೇ ಸರ್ಕಾರ, ಈ ಜನ ಕರಾವಳಿಗೆ ಮರಳಬಹುದು ಅಂತ ಸಾರಿಬಿಟ್ಟಿತು.

ಕಳ್ಳರನ್ನು, ಕೊಲೆಗಾರರನ್ನು ಹಿಡಿಯುವ ಅಧಿಕಾರ ಸರ್ಕಾರಕ್ಕೆ ಬೇಕು. ಯುದ್ಧದ ಕಾಲದಲ್ಲಿ ಅದು ಇನ್ನೂ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು. ನಾನು ಅದನ್ನು ಬೇಡ ಅನ್ನುತ್ತಿಲ್ಲ. ಆದರೆ ಹೆದರಿಕೆಯ ಕಾಲದಲ್ಲೇ ಜನ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ. ಆಗಲೇ ಕೋರ್ಟು ಕೇಳಬೇಕು.

ನಮ್ಮಲ್ಲಿ ಒಮ್ಮೆ ಕೋರ್ಟೇ ಕೇಳುವುದನ್ನು ಬಿಟ್ಟಿತ್ತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ವಿಚಾರಣೆ ಇಲ್ಲದೆಯೇ ಹಿಡಿದಿಡಲು ಬಿಡುವ ಮೀಸಾ ಕಾಯ್ದೆಯಡಿ ಸಾವಿರಾರು ಜನ ಜೈಲು ಸೇರಿದರು. ಒಂಬತ್ತು ಹೈಕೋರ್ಟುಗಳು ‘ಬಂಧನ ಸರಿಯೋ ತಪ್ಪೋ ನಾವು ನೋಡಬಹುದು’ ಅಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ವಕೀಲರನ್ನು ಒಂದು ಪ್ರಶ್ನೆ ಕೇಳಿದರು. ಸಂವಿಧಾನದ 21ನೇ ವಿಧಿಯಲ್ಲಿ ಸ್ವಾತಂತ್ರ್ಯದ ಜೊತೆ ಜೀವವೂ ಇದೆ. ಯಾರದಾದರೂ ಜೀವವನ್ನೇ ಕಾನೂನುಬಾಹಿರವಾಗಿ ತೆಗೆದರೆ? ಆಗಲೂ ಕೋರ್ಟು ಏನೂ ಮಾಡುವಂತಿಲ್ಲ ಅನ್ನುವುದೇ ಉತ್ತರವಾಗಿತ್ತು.

1976ರ ಏಪ್ರಿಲ್ 28ರಂದು ತೀರ್ಪು ಬಂತು. ಐವರಲ್ಲಿ ನಾಲ್ವರು ಸರ್ಕಾರದ ಮಾತನ್ನು ಒಪ್ಪಿದರು. ಒಪ್ಪದವರು ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿ ಇದ್ದರೂ 21ನೇ ವಿಧಿಯನ್ನು ಅಮಾನತು ಮಾಡುವಂತಿಲ್ಲ ಅಂತ 1978ರಲ್ಲಿ ಸಂವಿಧಾನಕ್ಕೇ ತಿದ್ದುಪಡಿಯಾಯಿತು. ಆ ತೀರ್ಪನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. 41 ವರ್ಷ ಹಿಡಿಯಿತು.

ಇನ್ನೊಂದನ್ನು ಹೇಳದೆ ಈ ಮಾತು ಮುಗಿಸಲು ನನಗೆ ಮನಸ್ಸಿಲ್ಲ. 1976ರ ಮಾರ್ಚ್ 1ರಂದು ಕೇರಳದ ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಎತ್ತಿಕೊಂಡು ಹೋದರು. ಅವನ ತಂದೆ ಈಚರ ವಾರಿಯರ್ ಹಿಂದಿ ಪ್ರಾಧ್ಯಾಪಕರು. ಮಗ ಎಲ್ಲಿ ಅಂತ ಕೇಳುತ್ತಾ ಅಧಿಕಾರಿಗಳ, ಮಂತ್ರಿಗಳ ಬಾಗಿಲು ಅಲೆದರು. ಅರ್ಜಿಗಳನ್ನು ಬರೆದರು. ಕೋರ್ಟಿಗೆ ಹೋಗಲು ತುರ್ತು ಪರಿಸ್ಥಿತಿ ಮುಗಿಯುವವರೆಗೆ ಕಾಯಬೇಕಾಯಿತು. 1977ರ ಮಾರ್ಚ್‌ನಲ್ಲಿ, ಅದು ಮುಗಿದ ಕೆಲವೇ ದಿನಗಳಲ್ಲಿ, ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು.

‘ನಾವು ಅವನನ್ನು ಹಿಡಿದೇ ಇಲ್ಲ’ ಅಂತ ಸರ್ಕಾರ ಹೇಳಿತು. ಕೋರ್ಟು ಅದನ್ನು ನಂಬಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಗೊತ್ತು ಮಾಡಿ, ಆ ದಿನ ರಾಜನ್‌ನನ್ನು ಕರೆತಂದು ನಿಲ್ಲಿಸಿ ಅಂತ ಅಪ್ಪಣೆ ಮಾಡಿತು. ಅದೇ ಹಳೆಯ ಅಪ್ಪಣೆ.

ಆ ದಿನ ಬಂತು. ರಾಜನ್ ಬರಲಿಲ್ಲ. ಆಮೇಲೆ ಸರ್ಕಾರ ಒಪ್ಪಿಕೊಂಡಿತು. ಹಿಡಿದ ಮಾರನೆಯ ದಿನವೇ, ಕಕ್ಕಯಂ ಪೊಲೀಸ್ ಕ್ಯಾಂಪಿನಲ್ಲಿ, ಚಿತ್ರಹಿಂಸೆಯಿಂದ ಅವನು ಸತ್ತಿದ್ದ. ತಂದೆ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದ ಅಷ್ಟೂ ತಿಂಗಳು, ಮಗ ಇರಲೇ ಇಲ್ಲ. ಶವವನ್ನೂ ಅವರಿಗೆ ಯಾರೂ ಕೊಡಲಿಲ್ಲ.

ನಮಸ್ಕಾರ.